ನೆಲದಡಿಯಿಂದ ಬರುವ ಸಮುದ್ರ

ಫುನಾಫುಟಿಯಲ್ಲಿ ಸೈರನ್ ಕೂಗಿತೆಂದರೆ ವಿಮಾನ ಬರುತ್ತಿದೆ ಎಂದರ್ಥ. ರನ್‌ವೇ ಮೇಲೆ ಚೆಂಡಾಡುತ್ತಿದ್ದವರು ಬದಿಗೆ ಸರಿಯುತ್ತಾರೆ. ವಿಮಾನ ಬಂದು ಹೋದ ಮೇಲೆ ಆಟ ಮತ್ತೆ ಶುರು. ಊರಲ್ಲಿ ಅಷ್ಟು ದೊಡ್ಡ ಬಯಲು ಬೇರೆ ಇಲ್ಲ, ಪಾಪ, ಅವರಾದರೂ ಎಲ್ಲಿಗೆ ಹೋಗಬೇಕು?

ಇದು ಪೆಸಿಫಿಕ್ ಸಾಗರದ ಪುಟ್ಟ ದೇಶ ಟುವಾಲುವಿನ ರಾಜಧಾನಿ. ಉಂಗುರದಂಥ ಹವಳದ ದಿಬ್ಬದ ಮೇಲೆ ಅಲ್ಲಲ್ಲಿ ತಲೆ ಎತ್ತಿದ ಮೂವತ್ತು ಚಿಲ್ಲರೆ ನಡುಗಡ್ಡೆಗಳು. ಎಲ್ಲ ಸೇರಿದರೂ ನೆಲ ಎರಡೂವರೆ ಚದರ ಕಿ.ಮೀ. ಅಷ್ಟೆ. ಉಂಗುರದೊಳಗಿನ ನೀರು ಮಾತ್ರ ಸುಮಾರು 275 ಚದರ ಕಿ.ಮೀ. ಜನರೆಲ್ಲ ಹೆಚ್ಚಾಗಿ ಇರುವುದು ಫೊಂಗಾಫಾಲೆ ಎಂಬ ಒಂದೇ ಪಟ್ಟಿಯಲ್ಲಿ. ಅದರ ಅಗಲ ಹೆಚ್ಚೆಂದರೆ 400 ಮೀಟರ್.

ಈ ಉಂಗುರ ಆದದ್ದು ಹೇಗೆ? ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಒಂದು ವಿವರಣೆ ಕೊಟ್ಟಿದ್ದ. ಜ್ವಾಲಾಮುಖಿ ಬೆಟ್ಟದ ಸುತ್ತ ಹವಳ ಬೆಳೆಯುತ್ತದೆ. ಬೆಟ್ಟ ನಿಧಾನವಾಗಿ ಕುಸಿಯುತ್ತದೆ. ಹವಳಕ್ಕೆ ಬೆಳಕು ಬೇಕು, ಅದು ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮುಳುಗಿ ಉಂಗುರವಷ್ಟೇ ಉಳಿಯುತ್ತದೆ. ನಿಜವೋ ಸುಳ್ಳೋ ತಿಳಿಯಲು ಇದ್ದ ದಾರಿ ಒಂದೇ, ಕೊರೆದು ನೋಡುವುದು. ಯಾರಾದರೂ ಭಾರಿ ಶ್ರೀಮಂತ ಈ ಖರ್ಚು ಹೊರಬಾರದೇ ಎಂದು ಡಾರ್ವಿನ್ 1881ರಲ್ಲಿ ಪತ್ರವೊಂದರಲ್ಲಿ ಆಸೆಪಟ್ಟಿದ್ದ. ಮರುವರ್ಷ ತೀರಿಕೊಂಡ.

ಲಂಡನ್ನಿನ ರಾಯಲ್ ಸೊಸೈಟಿ 1896ರಲ್ಲಿ ಯಂತ್ರಗಳನ್ನು ಹಡಗಿಗೇರಿಸಿ ಇಲ್ಲಿಗೇ ಕಳಿಸಿತು. ಮೊದಲ ವರ್ಷ ಕೆಲಸ ಕೈಕೊಟ್ಟಿತು. ಮುಂದಿನ ವರ್ಷ ಸಿಡ್ನಿಯ ಭೂವಿಜ್ಞಾನಿ ಎಜ್‌ವರ್ತ್ ಡೇವಿಡ್ ತಂಡ ಬಂತು. 1898ರ ಹೊತ್ತಿಗೆ 1,114 ಅಡಿ ಇಳಿದಿದ್ದರು. ಬೋರ್‌ವೆಲ್ ಕಂಡ ನಮಗೆ ಅದೇನು ಮಹಾ ಅನಿಸಬಹುದು, ಆದರೆ ಆ ಕಾಲಕ್ಕೆ ಸಾಹಸವೇ. ಅಷ್ಟು ಆಳದವರೆಗೂ ಸಿಕ್ಕಿದ್ದು ಸುಣ್ಣದ ವಸ್ತುವೇ. ಬೆಟ್ಟದ ಕಲ್ಲು ಮಾತ್ರ ಸಿಗಲಿಲ್ಲ, ವಾದವೂ ಮುಗಿಯಲಿಲ್ಲ. 1952ರಲ್ಲಿ ಎನಿವೆಟಾಕ್ ಎಂಬ ಬೇರೊಂದು ಹವಳದ ಉಂಗುರದಲ್ಲಿ ಸಾವಿರ ಮೀಟರಿಗಿಂತ ಕೆಳಗೆ ಬಸಾಲ್ಟ್ ಎಂಬ ಜ್ವಾಲಾಮುಖಿಯ ಕಲ್ಲು ತಗುಲಿದಾಗಲೇ ಡಾರ್ವಿನ್ ಗೆದ್ದದ್ದು.

ಹೀಗೆ ಬೆಳೆದ ನೆಲ ಸ್ಪಂಜಿನಂತೆ, ತುಂಬ ತೂತು. ಮಳೆನೀರು ಇಂಗಿ, ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಆ ಸಿಹಿನೀರು ಸಿಗುವಷ್ಟು ಆಳಕ್ಕೆ ಗುಂಡಿ ತೋಡಿ ಪುಲಕ ಎಂಬ ದೊಡ್ಡ ಜಾತಿಯ ಕೆಸು ಬೆಳೆಯುವುದು ಇಲ್ಲಿನ ಹಳೇ ಜಾಣತನ. ಈಗ ಗುಂಡಿಗೆ ಉಪ್ಪು ಸೇರುತ್ತಿದೆ. ಕುಡಿಯಲು ಚಾವಣಿಯ ಮಳೆನೀರೇ ಗತಿ. 2011ರಲ್ಲಿ ಮಳೆ ಕೈಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ದೊಡ್ಡ ಭರತದ ದಿನ ಇಲ್ಲಿ ಸಮುದ್ರ ದಂಡೆ ದಾಟಿಯೇ ಬರಬೇಕೆಂದಿಲ್ಲ. ಊರ ನಡುವೆ ನೆಲದಿಂದಲೇ ಬುಗ್ಗೆಯಾಗಿ ಏಳುತ್ತದೆ. ಸುಮ್ನೆ ಗೋಡೆ ಕಟ್ಟಿದರೆ ನಿಲ್ಲುವ ನೀರಲ್ಲ ಇದು. ಜಾಸ್ತಿ ತೊಂದರೆ ಆಗಿದ್ದು ಯುದ್ಧಕಾಲದ ಗುಂಡಿಗಳಿಂದ. 1940ರ ದಶಕದಲ್ಲಿ ಅಮೆರಿಕದ ಸೈನ್ಯ ಇದೇ ರನ್‌ವೇ ಮಾಡಲು ಊರಿನ ನೆಲವನ್ನೇ ಅಗೆದು ತೆಗೆದಿತ್ತು. ಎಷ್ಟೋ ದಶಕ ಅವು ಉಪ್ಪುನೀರಿನ ಹೊಂಡ, ಕಸದ ತಿಪ್ಪೆಯಾಗಿ ಉಳಿದವು. ಪಕ್ಕದಲ್ಲೇ ಜನ ಮನೆ ಕಟ್ಟಿಕೊಂಡಿದ್ದರು. 2015ರಲ್ಲಿ ನ್ಯೂಜಿಲೆಂಡಿನ ನೆರವಿನಿಂದ ಮರಳು ತುಂಬಿ ಮುಚ್ಚಿದರು.

ಹಾಗಂತ ಎಲ್ಲ ಕರಗುತ್ತಿದೆ ಎನ್ನುವುದೂ ಸರಿಯಲ್ಲ. 1971ರಿಂದ 2014ರವರೆಗೆ ಮೇಲಿನಿಂದ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಟುವಾಲುವಿನ ಒಟ್ಟು ನೆಲ 2.9 ಶೇಕಡಾ ಹೆಚ್ಚಿತ್ತು. ಅಲೆಗಳು ಹವಳದ ಚೂರು, ಸಣ್ಣ ಚಿಪ್ಪುಗಳನ್ನು ತಂದು ಹಾಕುತ್ತಲೇ ಇರುತ್ತವೆ. ಆದರೆ ಅಗಲ ಹೆಚ್ಚಿದ ಮಾತ್ರಕ್ಕೆ ಬಾವಿಯ ಉಪ್ಪು ಹೋಗುವುದಿಲ್ಲ ಅಲ್ವಾ?

ಈಚೆಗೆ ಒಳಗಿನ ನೀರಿನ ಬದಿಯಲ್ಲಿ ಮರಳು ಸುರಿದು 7 ಹೆಕ್ಟೇರ್ ಹೊಸ ನೆಲ ಎಬ್ಬಿಸಿದ್ದಾರೆ. 2100 ದಾಟಿದರೂ ಮುಳುಗದಷ್ಟು ಎತ್ತರ ಎಂಬ ಲೆಕ್ಕ. ಮರಳು ಬಂದದ್ದು ಉಂಗುರದೊಳಗಿನ ನೀರಿನ ತಳದಿಂದಲೇ.