ಆ ಮನೆಯಿಂದ ಹೊರಬಂದ ಮೇಲೆ ಬರೆಯುವ ಕವಿತೆಗಳು

ಹಿಂಸೆಯ ದಾಂಪತ್ಯದಿಂದ ಹೊರಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಕವಿತೆ ಬರೆಯುತ್ತಾರೆ. ಹಿಂದೆ ಎರಡು ಸಾಲು ಬರೆದು ಗೊತ್ತಿಲ್ಲದವರೂ ಬರೆಯುತ್ತಾರೆ. ಫೋನಿನಲ್ಲಿ, ಬಿಲ್ಲಿನ ಹಿಂಬದಿಯಲ್ಲಿ, ಮಗುವಿನ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಆಪ್ತಸಮಾಲೋಚಕಿಯಾದ ನನಗೆ ಅದನ್ನು ತೋರಿಸುವಾಗ ಮಾತ್ರ "ಸುಮ್ನೆ ಗೀಚಿದ್ದು ಮೇಡಂ" ಅಂತಾರೆ.

ಡೈರಿ ಬಿಟ್ಟು ಕವಿತೆಯೇ ಯಾಕೆ? ಭಯದಲ್ಲಿ ಕಳೆದ ದಿನಗಳು ನೆನಪಿನಲ್ಲಿ ಕಥೆಯ ಹಾಗೆ ಸಾಲಾಗಿ ಕೂತಿರುವುದಿಲ್ಲ. ಒಂದು ವಾಸನೆ, ಒಂದು ಸದ್ದು, ಅವತ್ತು ಹಾಕಿದ್ದ ಬಟ್ಟೆಯ ಬಣ್ಣ, ಹೀಗೆ ಚೂರುಚೂರಾಗಿ ಬರುತ್ತವೆ. ಪೊಲೀಸರು, ವಕೀಲರು, ನೆಂಟರು ಎಲ್ಲರೂ ಕೇಳುವುದು "ಆಮೇಲೆ ಏನಾಯ್ತು?" ಅಂತ. ಉತ್ತರ ತಡವರಿಸಿದರೆ ಅನುಮಾನ ಪಡುತ್ತಾರೆ. ಕವಿತೆ ಹಾಗೆ ಕೇಳುವುದಿಲ್ಲ. ಅದಕ್ಕೆ ಒಂದು ಚೂರು ಸಾಕು.

ಇನ್ನೊಂದು ಕಾರಣ ನನ್ನ ಪ್ರಕಾರ ಇದಕ್ಕಿಂತ ದೊಡ್ಡದು. ಇಂಥ ದಾಂಪತ್ಯದಲ್ಲಿ ಹೊಡೆತ ಇರಲೇಬೇಕೆಂದಿಲ್ಲ. ಪೈಸೆ ಪೈಸೆಗೂ ಲೆಕ್ಕ ಕೇಳುವುದು, ಫೋನ್ ಕಿತ್ತುಕೊಂಡು ನೋಡುವುದು, ಹೆತ್ತವರ ಜೊತೆ ಮಾತಾಡಲು ಬಿಡದಿರುವುದು, ಇಷ್ಟರಲ್ಲೇ ಒಬ್ಬಳನ್ನು ಕಟ್ಟಿಹಾಕಬಹುದು. ಮೈಮೇಲೆ ಗುರುತು ಬೀಳದ ಈ ಹಿಂಸೆಯನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಅಪರಾಧ ಎಂದೇ ಕರೆಯಿತು. ಇದರ ಜೊತೆಗೆ ತಪ್ಪದೆ ಬರುವ ಮಾತು ಒಂದಿದೆ: "ಹಾಗೇನೂ ಆಗೇ ಇಲ್ಲ, ನಿನಗೇ ತಲೆ ಸರಿಯಿಲ್ಲ." ವರ್ಷಗಟ್ಟಲೆ ಇದನ್ನೇ ಕೇಳಿದವಳು ತನ್ನ ಕಣ್ಣನ್ನೇ ನಂಬದ ಹಾಗೆ ಆಗುತ್ತಾಳೆ. ಹಾಗಾಗಿ ಚೇತರಿಕೆ ಅನ್ನುವುದು "ಆಗಿದ್ದು ನಿಜ, ನಾನು ನೋಡಿದ್ದೇನೆ" ಅನ್ನುವಲ್ಲಿಂದ ಶುರುವಾಗಬೇಕು. ಕವಿತೆ ಅವಳ ಪರವಾಗಿ ಅವಳೇ ನುಡಿಯುವ ಸಾಕ್ಷಿ.

ಅದಕ್ಕೇ ನಾನು ದೊಡ್ಡ ಮಾತುಗಳಿಗಿಂತ ಸಣ್ಣ ವಿವರಗಳನ್ನು ಕೇಳುತ್ತೇನೆ. ಬಂದವರ ಬರಹ ಅವರದ್ದು, ಅದನ್ನು ಇಲ್ಲಿ ಹಾಕುವುದಿಲ್ಲ. ಉದಾಹರಣೆಗೆ ನಾನೇ ಬರೆದ ಸಾಲುಗಳನ್ನು ನೋಡಿ. ಮೊದಲು ಹೀಗೆ ಬರುತ್ತದೆ: "ನನ್ನ ಬದುಕನ್ನು ನೀನು ನರಕ ಮಾಡಿದೆ." ಸುಳ್ಳಲ್ಲ, ಆದರೆ ಯಾರು ಬೇಕಾದರೂ ಬರೆಯಬಹುದಾದ ಸಾಲು. "ನರಕ ಅಂದ್ರೆ ಸಂಜೆ ಎಷ್ಟು ಹೊತ್ತಿಗೆ ಶುರುವಾಗ್ತಿತ್ತು?" ಅಂತ ಕೇಳಿದರೆ ಇಂಥದ್ದು ಬರಬಹುದು:

ಗೇಟಿನ ಸದ್ದಾದರೆ ಟಿವಿ ಆರಿಸುತ್ತಿದ್ದೆ
ಮಕ್ಕಳು ಪುಸ್ತಕ ಹಿಡಿಯುತ್ತಿದ್ದರು
ಚಪ್ಪಲಿ ಬಿಟ್ಟ ಸದ್ದಿನಲ್ಲೇ
ಇವತ್ತು ಹೇಗೆಂದು ತಿಳಿಯುತ್ತಿತ್ತು

ಇಲ್ಲಿ ಹೊಡೆತವಿಲ್ಲ, ಕಣ್ಣೀರಿಲ್ಲ. ಆದರೂ ಆ ಮನೆ ಪೂರ್ತಿ ಇದೆ. ಇದನ್ನು ಬರೆದವಳಿಗೆ ಮತ್ತೊಂದೂ ಹೊಳೆಯುತ್ತದೆ. ಈಗಲೂ ಯಾರೋ ಗೇಟು ತೆಗೆದರೆ ಎದೆ ಹೊಡೆದುಕೊಳ್ಳುವುದು ಹುಚ್ಚಲ್ಲ. ಅಪಾಯವನ್ನು ಸದ್ದಿನಲ್ಲೇ ಗುರುತಿಸಿ ಮಕ್ಕಳನ್ನು ಕಾಪಾಡಿದ ಮೈ ಇನ್ನೂ ಕಾವಲು ಬಿಟ್ಟಿಲ್ಲ, ಅಷ್ಟೇ. ಇದನ್ನು ನಾನು ಹತ್ತು ಸಲ ಹೇಳುವುದಕ್ಕಿಂತ ಅವಳು ಒಮ್ಮೆ ಬರೆದರೆ ಜಾಸ್ತಿ ನಾಟುತ್ತದೆ.

ಹಾಗಂತ ಬರೆದ ತಕ್ಷಣ ಮನಸ್ಸು ಹಗುರಾಗುತ್ತದೆ ಎಂದುಕೊಳ್ಳಬೇಡಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ನೋವಿನ ಬಗ್ಗೆ ಬರೆಸಿದರು. ಬರೆದ ಗಳಿಗೆಯಲ್ಲಿ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಬರೆಯುತ್ತಾ ಕೈ ನಡುಗಿದರೆ, ಉಸಿರು ಕಟ್ಟಿದರೆ, ಅಲ್ಲಿಗೇ ನಿಲ್ಲಿಸಿ. ಅವತ್ತು ಬೇರೆ ವಿಷಯ ಬರೆಯಿರಿ, ಇಲ್ಲ ಪೆನ್ನು ಮುಚ್ಚಿಡಿ. ರಾತ್ರಿ ಒಬ್ಬರೇ ಇರುವಾಗ ಬರೆಯುವುದನ್ನು ಶುರುವಿನಲ್ಲಿ ನಾನು ಬೇಡ ಅನ್ನುತ್ತೇನೆ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಕವಿತೆ ಸಾಲದು, ಕೂಡಲೇ ಡಾಕ್ಟರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಬೇಕು.

ಇನ್ನೂ ಅದೇ ಮನೆಯಲ್ಲಿ ಇರುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಅವನ ಕೈಗೆ ಸಿಕ್ಕ ಒಂದು ಹಾಳೆ ಪ್ರಾಣಕ್ಕೇ ಕುತ್ತು ತರಬಹುದು. ಬಿಟ್ಟು ಹೋಗುವ ಹೊತ್ತು ಮತ್ತು ಹೋದ ಹೊಸತು ತುಂಬಾ ಅಪಾಯದ ಸಮಯ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಇಬ್ಬರೂ ಬಳಸುವ ಫೋನು, ಅವನಿಗೆ ಪಾಸ್‌ವರ್ಡ್ ಗೊತ್ತಿರುವ ಇಮೇಲ್, ಇವುಗಳಲ್ಲಿ ಬರೆಯಲೇಬೇಡಿ. ಬರೆದು ಹರಿದು ಹಾಕಿದರೂ ಪರವಾಗಿಲ್ಲ, ಬರೆದಿದ್ದು ಬರೆದಿದ್ದೇ.

ಒಂದು ವಿಷಯಕ್ಕೆ ತುಂಬಾ ಜನ ನಾಚಿಕೆ ಪಡುತ್ತಾರೆ. ಬೈದು ಬರೆಯಲು ಕೂತರೆ ಪ್ರೀತಿಯ ಸಾಲು ಬಂದುಬಿಡುತ್ತದೆ. ತನಗೆ ಜ್ವರ ಬಂದಾಗ ಅವನು ಪಕ್ಕ ಕೂತಿದ್ದು, ಮೊದಲ ಸಲ ನಕ್ಕಿದ್ದು. "ಇಷ್ಟಾದ್ರೂ ನೆನಪಾಗ್ತಾನಲ್ಲ, ನಾನೆಂಥವಳು?" ಹಿಂಸೆ ಆದಮೇಲೆ ಕ್ಷಮೆ, ಕಾಣಿಕೆ, ಮೃದುಮಾತು ಬರುವ ಆ ಸುತ್ತನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲೇ ವಿವರಿಸಿದ್ದರು. ಎಲ್ಲ ಮನೆಯಲ್ಲೂ ಆ ಸುತ್ತು ಹಾಗೇ ಇರುವುದಿಲ್ಲ, ಇದ್ದ ಕಡೆ ಒಳ್ಳೆಯ ದಿನಗಳ ಆಸೆಯೇ ಕಾಲು ಕಟ್ಟುತ್ತದೆ. ಆ ಸಾಲನ್ನು ಹೊಡೆದು ಹಾಕಬೇಡಿ. ಕಳೆದುಕೊಂಡದ್ದಕ್ಕೆ ಅಳುವುದೂ ಚೇತರಿಕೆಯ ಭಾಗವೇ.

ಕೊನೆಯ ಸಾಲಿನಲ್ಲಿ ಗೆಲುವು ಇರಲೇಬೇಕು, ಕ್ಷಮೆ ಇರಲೇಬೇಕು ಅನ್ನುವ ಒತ್ತಾಯವನ್ನು ನಾನು ಒಪ್ಪುವುದಿಲ್ಲ. ಆ ಒತ್ತಾಯ ಹೆಚ್ಚಾಗಿ ಓದುವವರದ್ದು. ಬದಲಾವಣೆ ತಾನಾಗೇ ಕಾಣಿಸುತ್ತದೆ. ಮೊದಮೊದಲು ಸಾಲೆಲ್ಲಾ 'ನೀನು ಹೀಗೆ ಮಾಡಿದೆ' ಅಂತಿರುತ್ತವೆ. ಕೆಲವು ತಿಂಗಳ ಮೇಲೆ 'ಯಾಕೆಂದರೆ', 'ಈಗ ಗೊತ್ತಾಗುತ್ತಿದೆ' ಬರತೊಡಗುತ್ತವೆ. ಇಂಥ ಪದಗಳು ದಿನದಿಂದ ದಿನಕ್ಕೆ ಹೆಚ್ಚಾದವರಿಗೆ ಬರವಣಿಗೆ ಹೆಚ್ಚು ನೆರವಾಗುತ್ತದೆ ಎಂದು ಪೆನ್ನೆಬೇಕರ್ ಆಮೇಲಿನ ಕೆಲಸದಲ್ಲಿ ಕಂಡುಕೊಂಡರು. ಒಂದು ದಿನ ಕವಿತೆಯಲ್ಲಿ ಅವನೇ ಇರುವುದಿಲ್ಲ. ಬಸ್ಸಿನ ಕಿಟಕಿ ಸೀಟೋ, ತಾನೇ ಕೊಂಡ ಬೀಗದ ಕೈಯೋ ಇರುತ್ತದೆ.

ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಎಲ್ಲಾದರೂ ಪ್ರಕಟಿಸುವ ಮೊದಲು ವಕೀಲರನ್ನು ಕೇಳಿ. ಯಾರಾದರೂ ನಂಬಿ ನಿಮಗೆ ಇಂಥ ಕವಿತೆ ಓದಿ ಹೇಳಿದರೆ ಪ್ರಾಸ ತಿದ್ದಬೇಡಿ. "ಅಯ್ಯೋ ಪಾಪ" ಬೇಡ, "ಅವನ ಕಡೆಯಿಂದಲೂ ಯೋಚಿಸು" ಅಂತೂ ಬೇಡವೇ ಬೇಡ. ಆಗಿದ್ದನ್ನು ನಂಬಿದ್ದೀರೆಂದು ಹೇಳಿ. ಆಮೇಲೆ, "ಇನ್ನೊಂದ್ಸಲ ಓದ್ತೀರಾ?" ಅಂತ ಕೇಳಿ.