ಬೂದಿ ದಿಬ್ಬ ವಾಲಿಯ ಚಿತೆ ಅಲ್ಲ, ದನದ ದೊಡ್ಡಿ

ಬಳ್ಳಾರಿ ಕಡೆ ಫೀಲ್ಡ್ ವರ್ಕಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಅಲ್ಲಿನ ಹಳೇ ಬೂದಿ ದಿಬ್ಬದಿಂದ ಕಪ್ಪಗಿನ ತೂತು ತೂತು ಹೆಂಟೆ ತಂದು ಕೈಗೆ ಕೊಟ್ಟು "ಸರ್, ಇಲ್ಲಿ ಹಿಂದೆ ಜ್ವಾಲಾಮುಖಿ ಇತ್ತಲ್ವಾ" ಅಂತಾರೆ. ಹಂಪಿ ಹತ್ರ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬ ತೋರಿಸಿ ವಾಲಿನ ಸುಟ್ಟ ಜಾಗ ಅಂತಾರೆ, ಇನ್ನು ಕೆಲವು ಕಡೆ ರಾಕ್ಷಸರ ಮೂಳೆ ಬೂದಿ. ಊರಿನವರ ನಂಬಿಕೆ ಮೇಲೆ ನನಗೆ ಗೌರವ ಇದೆ, ಆದ್ರೆ ಅದೇ ಇತಿಹಾಸ ಅಂತ ವಾಟ್ಸಾಪಲ್ಲಿ ಸುತ್ತೋಕೆ ಶುರುವಾದ್ರೆ ನಿಜವಾಗ್ಲೂ ಸಂಕಟ ಆಗುತ್ತೆ.

ಅದು ಸಗಣಿ. ಸುಟ್ಟ ಸಗಣಿ.

ಆ ಹೆಂಟೆ ಕೈಯಲ್ಲಿ ಹಿಡಿದು ನೋಡಿ, ಕಲ್ಲಿನ ತೂಕ ಇರಲ್ಲ, ಮುರಿದ್ರೆ ಒಳಗೆ ಗುಳ್ಳೆ, ಗಾಜಿನ ಥರ ಮಿರುಗು. ದನ ತಿನ್ನೋ ಹುಲ್ಲಲ್ಲಿ ಸಿಲಿಕಾ, ಅಂದ್ರೆ ಮರಳು, ಗಾಜಲ್ಲಿ ಇರೋ ಅಂಶ, ಇರುತ್ತೆ, ಅದು ಸಗಣಿಗೂ ಬರುತ್ತೆ, ರಾಶಿಗಟ್ಟಲೆ ಸಗಣಿಗೆ ಬೆಂಕಿ ಬಿದ್ದು ಕಾವು ಜೋರಾದಾಗ ಅದು ಕರಗಿ ಹೀಗೆ ಗಟ್ಟಿ ಆಗುತ್ತೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ಸಗಣಿ ಬೂದಿ ಅಂತ ವಾದ ಮಾಡಿದ್ರು, 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಇವತ್ತಿನ ತೆಲಂಗಾಣದ ಉತ್ನೂರಲ್ಲಿ ಅಗೆದಾಗ ಬೇಲಿ ಕಂಬ ನೆಟ್ಟ ಗುಳಿಗಳು ಸಿಕ್ಕವು, ಜೊತೆಗೆ ದನದ ಗೊರಸಿನ ಗುರುತು. ಸಾವಿರಾರು ವರ್ಷ ಹಿಂದೆ ದೊಡ್ಡಿಯಲ್ಲಿ ಓಡಾಡಿದ ಹಸುವಿನ ಹೆಜ್ಜೆ! ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ಅಗೆದಾಗ ದಿಬ್ಬದ ಪಕ್ಕದಲ್ಲೇ ಜನ ಮನೆ ಮಾಡಿಕೊಂಡಿದ್ದು, ಕಲ್ಲಿನ ಆಯುಧ ಮಾಡ್ತಿದ್ದ ಜಾಗ ಎಲ್ಲಾ ಸಿಕ್ತು. ಇದು ನವಶಿಲಾಯುಗ, ಹೆಚ್ಚುಕಮ್ಮಿ ಕ್ರಿ.ಪೂ. 3000ದಿಂದ 1200ರ ಒಳಗಿನ ಕಾಲ.

ಇನ್ನೊಂದು ತಪ್ಪು ಕಲ್ಪನೆ, ಆ ಜನ ಬರೀ ಬೇಟೆ ಆಡ್ಕೊಂಡು ಗುಡ್ಡದಲ್ಲಿ ಅಲೀತಿದ್ರು ಅನ್ನೋದು. ಬಳ್ಳಾರಿ ಪಕ್ಕದ ಸಂಗನಕಲ್ಲಲ್ಲಿ ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳು ಸಿಕ್ಕಿವೆ, ಅಂದ್ರೆ ನಾವು ಇವತ್ತು ಮಾಡೋ ಹುರುಳಿ ಸಾರಿನ ಕಾಳು ಆಗಲೇ ಇಲ್ಲಿ ಬಿತ್ತಿ ಬೆಳೀತಿದ್ರು.

ಬೆಂಕಿ ಯಾಕೆ ಹಾಕ್ತಿದ್ರು ಅನ್ನೋದ್ರಲ್ಲಿ ಮಾತ್ರ ಇನ್ನೂ ಚರ್ಚೆ ಇದೆ. ಆಲ್ಚಿನ್ ಅದನ್ನ ದನಗಳ ಹಬ್ಬಕ್ಕೆ ಹೋಲಿಸಿದ್ರು, ಸಂಕ್ರಾಂತಿಗೆ ಹಳೇ ಮೈಸೂರು ಕಡೆ ಕಿಚ್ಚು ಹಾಯಿಸೋದು ನೋಡಿದವರಿಗೆ ಈ ಯೋಚನೆ ಯಾಕೆ ಬಂತು ಅಂತ ತಕ್ಷಣ ಅರ್ಥ ಆಗುತ್ತೆ. ನನಗೂ ಬರೀ ಕಸ ಸುಟ್ಟಿದ್ದು ಅಂತ ಅನ್ಸಲ್ಲ, ಒಂದರ ಮೇಲೊಂದು ಪದರ, ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಸುಟ್ಟಿದ್ದಾರೆ.

ಆ ಪದರಗಳೇ ನಮ್ಮ ಕ್ಯಾಲೆಂಡರ್. ಎಷ್ಟೋ ದಿಬ್ಬಗಳನ್ನ ಗೊಬ್ಬರಕ್ಕೆ ಅಂತ ಅಗೆದು ಹೊತ್ಕೊಂಡು ಹೋಗಿದ್ದಾರೆ, ಬೂದಿ ಒಂದ್ಸಲ ಹೊಲಕ್ಕೆ ಚೆಲ್ಲಿದ್ಮೇಲೆ ಯಾವ ಪದರ ಮೊದಲಿಂದು ಯಾವುದು ಆಮೇಲಿಂದು ಅಂತ ಯಾರಿಂದ್ಲೂ ಹೇಳಕ್ಕಾಗಲ್ಲ.