ಪುಟ್ಟಿ ಅಲ್ಲ, ಹದಿನೇಳರ ಹುಡುಗಿ: ಹಳೆಯ ಪರಿಚಯದ ಮನೆಯವರ ಸೀನಿಯರ್ ಫೋಟೋ

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷ, ಅಂದರೆ 12ನೇ ತರಗತಿಯ ಮಕ್ಕಳನ್ನು ಸೀನಿಯರ್ ಎನ್ನುತ್ತಾರೆ. ಆ ವರ್ಷ ಒಂದು ಒಳ್ಳೆಯ ಫೋಟೋ ತೆಗೆಸುವುದು ಇಲ್ಲಿನ ಹಳೆಯ ರೂಢಿ. 1860ರ ದಶಕದಲ್ಲೇ ಬೋಸ್ಟನ್ ಕಡೆಯ ಜಾರ್ಜ್ ವಾರೆನ್ ಎಂಬ ಫೋಟೋಗ್ರಾಫರ್ ಕಾಲೇಜು ಮುಗಿಸುವ ಹುಡುಗರ ಫೋಟೋ ತೆಗೆದು, ಆಲ್ಬಂ ಕಟ್ಟಿಸಿಕೊಳ್ಳಲು ಮಾರುತ್ತಿದ್ದರು. ಈಗ ಇಯರ್‌ಬುಕ್‌ಗೆ, ಅಂದರೆ ಶಾಲೆಯ ವಾರ್ಷಿಕ ಪುಸ್ತಕಕ್ಕೆ, ಬೇಕಾದ ಫೋಟೋವನ್ನು ಹೆಚ್ಚಿನ ಕಡೆ ಶಾಲೆ ಗೊತ್ತು ಮಾಡಿದ ಸ್ಟುಡಿಯೋದವರೇ ತೆಗೆಯುತ್ತಾರೆ. ನನ್ನ ಬಳಿ ಬರುವವರಿಗೆ ಬೇಕಾದದ್ದು ಬೇರೆ: ಗೋಡೆಗೆ ಹಾಕುವಂಥದ್ದು, ಶಾಲೆ ಮುಗಿಸಿದ್ದನ್ನು ತಿಳಿಸುವ ಗ್ರಾಜುಯೇಷನ್ ಕಾರ್ಡಿಗೆ ಹಾಕುವಂಥದ್ದು, ಊರಿನ ಅಜ್ಜಿಗೆ ಕಳಿಸುವಂಥದ್ದು.

ಡಲ್ಲಾಸ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ನನಗೆ ಹಳೆಯ ಪರಿಚಯದವರು ಜಾಸ್ತಿ. ನಾಮಕರಣಕ್ಕೆ ಕರೆದವರೇ ಹುಟ್ಟುಹಬ್ಬಕ್ಕೂ ಕರೆದು, ಈಗ ಸೀನಿಯರ್ ಫೋಟೋಗೂ ಕರೆಯುತ್ತಾರೆ. ಇಂಥ ಮನೆಯ ಕೆಲಸ ಸುಲಭ ಅಂತ ಹೊರಗಿನವರಿಗೆ ಅನಿಸುತ್ತದೆ. ನನ್ನ ಪ್ರಕಾರ ಇದೇ ಹೆಚ್ಚು ಕಷ್ಟ. ನನಗೆ ಗೊತ್ತಿರುವುದು ಐದು ವರ್ಷದ ಪುಟ್ಟಿ. ಎದುರಿಗೆ ನಿಂತಿರುವವಳು ಹದಿನೇಳರ ಹುಡುಗಿ. ಅವಳ ಪರಿಚಯ ಹೊಸದಾಗಿಯೇ ಆಗಬೇಕು.

ಈ ವರ್ಷ ಏಪ್ರಿಲ್‌ನಲ್ಲಿ ಅಂಥದ್ದೇ ಒಂದು ಮನೆಯ ಹುಡುಗಿಯ ಫೋಟೋ ತೆಗೆದೆ. ಮೊದಲು ಅವಳ ಅಮ್ಮ ಫೋನ್ ಮಾಡಿದರು. ‘ಅವಳ ಸ್ವಭಾವ ನಿಮಗೆ ಗೊತ್ತಲ್ವಾ, ಹೇಗಾದ್ರೂ ನಗಿಸಿಬಿಡಿ’ ಎಂದರು. ನಾನು ಮಗಳ ಜೊತೆ ಬೇರೆಯಾಗಿ ಮಾತಾಡಬೇಕು ಎಂದೆ. ಇದು ನಾನು ಯಾವಾಗಲೂ ಬಿಡದ ಹೆಜ್ಜೆ. ಏನು ಹಾಕಿಕೊಳ್ಳುತ್ತೀಯ, ಯಾವ ಫೋಟೋದಲ್ಲಿ ನೀನು ನಿನಗೇ ಇಷ್ಟವಾಗಲ್ಲ, ಜೊತೆಗೆ ಏನು ತರುತ್ತೀಯ, ಇಷ್ಟು ಕೇಳಿದರೆ ಸಾಕು. ‘ಆಂಟಿ, ಹಲ್ಲು ಕಾಣೋ ಹಾಗೆ ನಗು ಅಂತ ಮಾತ್ರ ಹೇಳಬೇಡಿ. ಟ್ರಂಪೆಟ್ ತರಬಹುದಾ?’ ಎಂದಳು. ಅಮ್ಮ ಹೇಳಿದ ಪಟ್ಟಿಯಲ್ಲಿ ಟ್ರಂಪೆಟ್ ಇರಲೇ ಇಲ್ಲ. ಅಲ್ಲಿದ್ದದ್ದು ಅಮ್ಮನ ಮೈಸೂರು ಸಿಲ್ಕ್ ಸೀರೆ ಮತ್ತು ಬ್ಲೂಬಾನೆಟ್ ಹೂವು.

ಬ್ಲೂಬಾನೆಟ್ ಟೆಕ್ಸಸ್ ರಾಜ್ಯದ ಹೂವು. ನೆಲಕ್ಕೆ ಹತ್ತಿರ ಬೆಳೆಯುವ ಈ ನೀಲಿ ಹೂವನ್ನು ನೋಡಲು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಜನ ಡಲ್ಲಾಸಿನ ದಕ್ಷಿಣಕ್ಕಿರುವ ಎನ್ನಿಸ್ ಊರಿಗೆ ಹೋಗುತ್ತಾರೆ. ಹೂವಿನ ಮೇಲೆ ಕೂತರೆ ಗಿಡ ಹಾಳಾಗುತ್ತದೆ, ಅದಕ್ಕೆ ನಡುವೆ ಎಲ್ಲಾದರೂ ಖಾಲಿ ನೆಲ ಇದೆಯಾ ಅಂತ ಹುಡುಕುತ್ತೇನೆ. ಸಿಕ್ಕ ಮೇಲೂ ಕೂಡಲೇ ಕೂರಿಸುವುದಿಲ್ಲ. ಕಚ್ಚಿದರೆ ಉರಿಯುವ ಬೆಂಕಿ ಇರುವೆಯ (ಫೈರ್ ಆಂಟ್) ಗೂಡು ಸಡಿಲ ಮಣ್ಣಿನ ಗುಡ್ಡೆಯ ಹಾಗೆ ಕಾಣುತ್ತದೆ. ರೇಷ್ಮೆ ಸೀರೆಯೊಳಗೆ ಅವು ಹತ್ತಿದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು.

ಸೀರೆಯದ್ದು ಬೇರೆ ಲೆಕ್ಕ. ಅಮ್ಮನ ಬ್ಲೌಸ್ ಮಗಳಿಗೆ ಯಾವಾಗಲೂ ದೊಗಳೆ. ಬೆನ್ನಿನ ಕಡೆ ಕ್ಲಿಪ್ ಹಾಕಿ ಬಿಗಿ ಮಾಡಿದರೆ ಮುಂದಿನಿಂದ ಗೊತ್ತಾಗುವುದಿಲ್ಲ. ನೇರ ಬಿಸಿಲು ಬಿದ್ದರೆ ಜರಿ ಬೆಳ್ಳಗಾಗಿ, ಅದರ ನೇಯ್ಗೆಯೇ ಕಳೆದುಹೋಗುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಏಳೂಮುಕ್ಕಾಲು, ಎಂಟರ ಹೊತ್ತಿಗೆ. ಕೊನೆಯ ಒಂದು ಗಂಟೆಯಲ್ಲಿ ಸೂರ್ಯ ಅವಳ ಬೆನ್ನಿಗಿರುವಂತೆ ನಿಲ್ಲಿಸಿ, ಮುಖಕ್ಕೆ ಬಿಳಿ ರಿಫ್ಲೆಕ್ಟರ್, ಅಂದರೆ ಬೆಳಕನ್ನು ತಿರುಗಿಸಿ ಬೀರುವ ಹಲಗೆ, ಹಿಡಿಸಿದೆ. ಹುಲ್ಲಿನ ಹಸಿರು ಗಲ್ಲದ ಕೆಳಗೆ ಹೊಡೆಯುತ್ತದೆ, ನಮ್ಮ ಗೋಧಿ ಮೈಬಣ್ಣ ಆಗ ಸಪ್ಪೆಯಾಗಿ ಕಾಣುತ್ತದೆ. ಬಿಳಿ ರಿಫ್ಲೆಕ್ಟರ್ ಅದನ್ನು ಬಹಳಷ್ಟು ಸರಿಮಾಡುತ್ತದೆ. ಚರ್ಮವನ್ನು ಬೆಳ್ಳಗೆ ಮಾಡಿಕೊಡಿ ಎಂದು ಕೇಳುವವರು ಈಗಲೂ ಇದ್ದಾರೆ. ನಾನು ಮಾಡುವುದಿಲ್ಲ. ಹದಿನೇಳರ ಹುಡುಗಿಗೆ ನಿನ್ನ ಬಣ್ಣ ಸರಿಯಿಲ್ಲ ಎಂದು ಫೋಟೋದಲ್ಲಿ ಹೇಳುವುದು ಅನ್ಯಾಯ.

ರಿಫ್ಲೆಕ್ಟರ್ ಹಿಡಿದದ್ದು ಅವಳ ಅಪ್ಪ. ಅಮ್ಮನಿಗೆ ಕಾರಿನ ಹತ್ತಿರ ಕೂತಿರಿ ಅಕ್ಕ, ಸೀರೆಯ ಸರದಿ ಬಂದಾಗ ಕರೆಯುತ್ತೇನೆ ಎಂದಿದ್ದೆ. ಅಮ್ಮ ನನ್ನ ಬೆನ್ನ ಹಿಂದೆ ನಿಂತರೆ ಮಗಳ ಕಣ್ಣು ನನ್ನ ಭುಜದ ಮೇಲಿಂದ ಅಮ್ಮನ ಕಡೆಗೇ ಹೋಗುತ್ತದೆ. ನಾನು ಕೂಡ ಮನೆಯ ಹೆಸರು ಹಿಡಿದು ಕರೆಯದೆ, ಸ್ನೇಹಿತರು ಕರೆಯುವ ಹೆಸರನ್ನೇ ಬಳಸುತ್ತೇನೆ. ಮನೆಯ ಹೆಸರು ಕಿವಿಗೆ ಬಿದ್ದ ಕೂಡಲೇ ಮಕ್ಕಳು ಹಳೆಯ ಬರ್ತ್‌ಡೇ ಮುಖ ಮಾಡಿಬಿಡುತ್ತಾರೆ. ಎಷ್ಟೋ ಸಲ ನೋಡಿದ್ದೇನೆ.

ಟ್ರಂಪೆಟ್ ಕೊನೆಗೆ. ಹಿತ್ತಾಳೆ ಕನ್ನಡಿಯಂತೆ ಎಲ್ಲವನ್ನೂ ತೋರಿಸುತ್ತದೆ, ಕ್ಯಾಮೆರಾ ಹಿಡಿದ ನನ್ನನ್ನೂ. ಮೊದಲು ಬೆರಳಿನ ಗುರುತು ಒರೆಸಿ, ಅದರ ಅಗಲ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿದೆ. ನೇರ ನನ್ನ ಕಡೆ ಹಿಡಿದರೆ, 85 ಎಂಎಂ ಲೆನ್ಸಿನ ಬೆಳಕಿನ ಕಂಡಿಯನ್ನು ಪೂರ್ತಿ ತೆರೆದಾಗ ಒಂದೇ ದೂರದಲ್ಲಿರುವುದಷ್ಟೇ ಸ್ಪಷ್ಟವಾಗಿ ಬರುವುದರಿಂದ, ಹಿತ್ತಾಳೆ ಚೂಪಾಗಿ ಬಂದು ಕಣ್ಣು ಮಸುಕಾಗುತ್ತದೆ. ಆಮೇಲೆ ಸುಮ್ನೆ ಹಿಡಿದುಕೊಳ್ಳಬೇಡ, ನಿಜವಾಗಿ ಬಾರಿಸು ಎಂದೆ. ನುಡಿಸುವಾಗ ಕೆನ್ನೆ, ಹುಬ್ಬು, ಕುತ್ತಿಗೆ ಎಲ್ಲಾ ಕೆಲಸ ಮಾಡುತ್ತವೆ. ಅದನ್ನು ನಟಿಸಲು ಆಗುವುದಿಲ್ಲ. ನನಗೆ ಬೇಕಾದ ಫೋಟೋ ಬಂದದ್ದು ನುಡಿಸಿ ನಿಲ್ಲಿಸಿದ ಮೇಲೆ. ಟ್ರಂಪೆಟ್ ಕೆಳಗಿಳಿಸಿ, ಉಸಿರು ಬಿಟ್ಟು, ನೇರವಾಗಿ ನನ್ನನ್ನು ನೋಡಿದಳು. ತುಟಿಯ ಮೇಲೆ ಮೌತ್‌ಪೀಸ್ ಒತ್ತಿದ ಕೆಂಪು ಉಂಗುರ ಹಾಗೇ ಇತ್ತು.

ಎಡಿಟಿಂಗಿನಲ್ಲಿ ನನ್ನದೊಂದು ನಿಯಮವಿದೆ. ಹತ್ತು ದಿನದಲ್ಲಿ ತಾನಾಗಿ ಹೋಗುವ ಮೊಡವೆಯನ್ನು ತೆಗೆಯುತ್ತೇನೆ. ಮಚ್ಚೆ, ಹಳೆಯ ಗಾಯದ ಗುರುತು ಮುಟ್ಟುವುದಿಲ್ಲ. ಹಾಗೆ ನೋಡಿದರೆ ತುಟಿಯ ಉಂಗುರ ಹೋಗಬೇಕಿತ್ತು, ಅದು ಅರ್ಧ ಗಂಟೆಯೂ ಇರುವುದಲ್ಲ. ಆದರೂ ಅವಳನ್ನು ಕೇಳಿದೆ. ‘ಅಯ್ಯೋ ಬೇಡ ಆಂಟಿ, ಬ್ಯಾಂಡ್‌ನಲ್ಲಿ ಎಲ್ಲರಿಗೂ ಹೀಗೇ ಆಗುತ್ತೆ’ ಎಂದಳು. ಬಿಟ್ಟೆ.

ಫೋಟೋಗಳ ಲಿಂಕನ್ನು ಮೊದಲು ಮಗಳಿಗೆ ಕಳಿಸಿ, ಎರಡು ದಿನ ಬಿಟ್ಟು ಅಪ್ಪ ಅಮ್ಮನಿಗೆ ಕಳಿಸುತ್ತೇನೆ. ಬೇಡದ್ದನ್ನು ಅವಳು ಅಷ್ಟರಲ್ಲಿ ತೆಗೆಸಬಹುದು. ಇದನ್ನು ಮುಂಗಡ ಕೊಡುವಾಗಲೇ ಮನೆಯವರಿಗೆ ಹೇಳಿರುತ್ತೇನೆ. ನನ್ನ ಪೇಜಿನಲ್ಲಿ ಹಾಕಬೇಕಾದರೆ 18 ತುಂಬದವರಿಗೆ ಹೆತ್ತವರ ಸಹಿ ತೆಗೆದುಕೊಳ್ಳುತ್ತೇನೆ. ಸಹಿ ಸಿಕ್ಕರೂ ಮಗು ಬೇಡ ಎಂದರೆ ಹಾಕುವುದಿಲ್ಲ. ಈ ಹುಡುಗಿ ಸೀರೆಯದ್ದನ್ನು ಹಾಕಿ, ಟ್ರಂಪೆಟ್‌ನದ್ದು ಬೇಡ, ಅದು ಕಾರ್ಡಿಗೆ ಇರಲಿ ಎಂದಳು. ಕಾರ್ಡುಗಳು ಮೇ ಮೊದಲ ವಾರ ಅಂಚೆಗೆ ಹೋದವು.